ಲೊಕ್ಕನಹಳ್ಳಿ ದಾರಿಯಲ್ಲಿ ಎರಡು ಟೆಸ್ಟ್ ರೈಡ್

ಇದನ್ನು ಬರೆಯುವ ಮೊದಲು ಒಂದು ಮಾತು ಹೇಳಿಬಿಡಬೇಕು. ಇದರಲ್ಲಿ ನಿಜವಾಗಿ ನಡೆದದ್ದು ಎಷ್ಟು, ನನ್ನ ತಲೆ ಆಮೇಲೆ ಸೇರಿಸಿಕೊಂಡದ್ದು ಎಷ್ಟು ಎಂದು ನನಗೇ ಖಚಿತವಿಲ್ಲ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಬಂದ ಎರಡನೇ ಶನಿವಾರ ನಡೆದದ್ದು ಎಂಬುದು ಮಾತ್ರ ಸರಿ. ಅವತ್ತು ಕಾಲೇಜಿಗೆ ರಜೆ ಇತ್ತು, ಬಿಸಿಲು ಆಗಲೇ ಶುರುವಾಗಿತ್ತು.

ನಾನು ಕೊಳ್ಳೇಗಾಲದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಓದಿದ್ದು ಮೈಸೂರಿನಲ್ಲಿ. ಅಲ್ಲಿದ್ದಾಗ ಗೆಳೆಯರ ಜೊತೆ ಹಳ್ಳಿಹಳ್ಳಿಗೆ ಹೋಗಿ, ಉರಿಯುವ ಕರ್ಪೂರವನ್ನು ನಾಲಿಗೆ ಮೇಲಿಟ್ಟುಕೊಂಡು, ಪವಾಡ ಎಂದರೆ ಇಷ್ಟೇ ನೋಡಿ ಎಂದು ತೋರಿಸುತ್ತಿದ್ದೆವು. ಆ ಅಭ್ಯಾಸ ಹೋಗಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಕತೆ ಹೇಳಿದರೆ, ನೋಡಿದವರು ಯಾರು, ಎಷ್ಟು ದೂರದಿಂದ ನೋಡಿದರು ಎಂದು ಕೇಳಿ ಕತೆ ಕೆಡಿಸುವವನು ನಾನೇ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಪ್ರೂಫ್ ಮೇಷ್ಟ್ರು ಅನ್ನುತ್ತಾರೆಂದು ಗೊತ್ತು.

ಆಗ ನನಗೆ ಹಿಡಿದಿದ್ದ ಹುಚ್ಚು ಬೈಕಿನದು. ಒಂದು ಕಡೆ ನೆಟ್ಟಗೆ ಕೂರುವ ಸ್ವಭಾವ ನನ್ನದಲ್ಲ. ರಜೆ ಬಂದರೆ ಎಲ್ಲಾದರೂ ಹೋಗಬೇಕು. ಹಳೆಯ ಸ್ಕೂಟರಿನಲ್ಲಿ ಅದು ಆಗುತ್ತಿರಲಿಲ್ಲ. ವೇಗಕ್ಕೂ ಆಗಬೇಕು, ಇಡೀ ದಿನ ಕೂತರೆ ಬೆನ್ನೂ ಹಿಡಿಯಬಾರದು, ಅಂಥದ್ದು ಬೇಕಿತ್ತು. ಎದೆಗೆ ಗಾಳಿ ಬಡಿಯದ ಹಾಗೆ ಮುಂದೆ ಗಾಜು, ದೊಡ್ಡ ಟ್ಯಾಂಕು, ಸ್ವಲ್ಪ ಬಾಗಿ ಹಿಡಿಯುವ ಹ್ಯಾಂಡಲ್. ಇಂಥ ಸ್ಪೋರ್ಟ್ಸ್ ಟೂರಿಂಗ್ ಗಾಡಿಗಳ ವಿಡಿಯೊಗಳನ್ನು ತಿಂಗಳುಗಟ್ಟಲೆ ನೋಡಿ ಕೊನೆಗೆ ಎರಡನ್ನು ಉಳಿಸಿಕೊಂಡಿದ್ದೆ. ನನ್ನ ಹೆಂಡತಿ ಸುಧಾ, ಹೆಣ್ಣು ನೋಡುವಾಗಲೂ ನೀವು ಇಷ್ಟು ಯೋಚನೆ ಮಾಡಿರಲಿಲ್ಲ ಎಂದು ಹಂಗಿಸುತ್ತಿದ್ದಳು.

ಒಂದು ಗಾಡಿ ಕೆಂಪು. ಕೊಳ್ಳೇಗಾಲದ ಶೋರೂಮಿನಲ್ಲಿ ಟೆಸ್ಟ್ ರೈಡಿಗೆಂದೇ ಇಟ್ಟಿದ್ದ ಬೈಕು. ಇನ್ನೊಂದು ಬೂದು ಬಣ್ಣದ್ದು, ಬೇರೆ ಕಂಪನಿಯದು. ಯಳಂದೂರಿನ ಹತ್ತಿರ ಮಾಂಬಳ್ಳಿಯ ಶಿವಣ್ಣ ಎಂಬುವವರು ತೆಗೆದುಕೊಂಡು, ಸೊಂಟ ನೋವು ಬಂದು ಮಾರಲು ಹೊರಟಿದ್ದರು. ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ, ಒಂದೇ ಬಟ್ಟೆ ಹಾಕಿಕೊಂಡು ಓಡಿಸಿ ನೋಡಬೇಕೆಂದು ನಿರ್ಧರಿಸಿದೆ. ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುವುದೂ ಅದನ್ನೇ, ಒಂದನ್ನು ಮಾತ್ರ ಬದಲಾಯಿಸಿ, ಉಳಿದದ್ದೆಲ್ಲ ಹಾಗೇ ಇರಲಿ ಎಂದು. ಕೊಳ್ಳೇಗಾಲದಿಂದ ಕಾಮಗೆರೆ, ಹನೂರು, ಅಲ್ಲಿಂದ ಲೊಕ್ಕನಹಳ್ಳಿ, ಅದೇ ದಾರಿಯಲ್ಲಿ ವಾಪಸ್. ಹನೂರಿನವರೆಗೆ ನೇರ ರಸ್ತೆಯ ಪರೀಕ್ಷೆ. ಅದರಾಚೆ ತಿರುವಿನ ಪರೀಕ್ಷೆ.

ಶೋರೂಮಿನಲ್ಲಿದ್ದ ಮಹೇಶ ನನ್ನ ಹಳೆಯ ವಿದ್ಯಾರ್ಥಿ. ಊರೊಳಗೆ ಒಂದು ಸುತ್ತು ಹೊಡೆಸಿ ವಾಪಸ್ ತರಿಸುವುದು ಅವರ ಪದ್ಧತಿ. ಮ್ಯಾನೇಜರ್ ಇನ್ನೂ ಬಂದಿರಲಿಲ್ಲವಾದ್ದರಿಂದ, ನೀವಾದ್ದಕ್ಕೆ ಕೊಡುತ್ತಿದ್ದೇನೆ ಸರ್, ಬೇಗ ಬನ್ನಿ ಎಂದು ಕೀ ಕೊಟ್ಟ. ನೀಲಿ ಜಾಕೆಟ್ಟು, ಬಿಳಿ ಹೆಲ್ಮೆಟ್ಟು ಹಾಕಿಕೊಂಡು ಹೊರಟೆ.

ಆ ಬೆಳಿಗ್ಗೆಯ ಸವಾರಿ ನನಗೆ ಚೆನ್ನಾಗಿ ನೆನಪಿದೆ. ನೆನಪಿದೆ ಎಂದೇ ಬರೆಯುತ್ತೇನೆ. ಹನೂರು ದಾಟಿದ ಮೇಲೆ ರಸ್ತೆ ಕಿರಿದಾಯಿತು. ಎಡಗಡೆ ಜೋಳ ಕಟಾವಾದ ಹೊಲಗಳು, ದೂರದಲ್ಲಿ ಕಾಡಿನ ಅಂಚು. ಒಂದು ತಿರುವಿನಲ್ಲಿ ಮುಂದಿನ ಚಕ್ರ ಹಗುರಾಗಿ ಹೊರಕ್ಕೆ ಜಾರಿದ ಹಾಗಾಯಿತು. ಇನ್ನೊಂದು ತಿರುವಿನಲ್ಲೂ ಹಾಗೇ ಆಯಿತು. ಇದು ನೇರ ರಸ್ತೆಗೆ ಸರಿ, ತಿರುವಿಗೆ ನಂಬಿಕೆ ಸಾಲದು ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಮುಂಗೈ ನೋಯುತ್ತಿತ್ತು. ಲೊಕ್ಕನಹಳ್ಳಿ ಹತ್ತಿರ ಗಾಡಿ ತಿರುಗಿಸಿದೆ. ವಾಪಸ್ ಬಂದು ಕೀ ಕೊಟ್ಟಾಗ ಮಹೇಶ ನನ್ನ ಮುಖ ನೋಡಿ, ಏನ್ ಸರ್ ಇಷ್ಟೊಂದು ಬೆವರಿದ್ದೀರಿ ಎಂದು ಒಂದು ಲೋಟ ನೀರು ಕೊಟ್ಟ. ಜಾಕೆಟ್ಟು ದಪ್ಪ ಕಣೋ ಎಂದೆ.

ಅಲ್ಲಿಂದ ನನ್ನ ಸ್ಕೂಟರಿನಲ್ಲಿ ಯಳಂದೂರಿನ ಮೇಲೆ ಮಾಂಬಳ್ಳಿಗೆ ಹೋದೆ. ಶಿವಣ್ಣನವರ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಊಟ. ಅವರು ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ ತಂದು, ಮೇಲೆ ಹೊದಿಸಿದ್ದ ಹಳೆಯ ಸೀರೆ ತೆಗೆದು ಒರೆಸಿಕೊಟ್ಟರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದೇ ಜಾಕೆಟ್ಟು, ಅದೇ ಹೆಲ್ಮೆಟ್ಟಿನಲ್ಲಿ ಬೂದು ಗಾಡಿಯ ಮೇಲೆ ಹೊರಟೆ. ಹತ್ತಿದ ಕೂಡಲೇ ಇದು ನನ್ನ ಗಾಡಿ ಅನ್ನಿಸಿತು.

ಹನೂರಿನಲ್ಲಿ ಲೊಕ್ಕನಹಳ್ಳಿ ಕಡೆಗೆ ತಿರುಗುವ ಜಾಗದಲ್ಲಿ ಒಂದು ಟೀ ಅಂಗಡಿ ಇದೆ. ಬಾಯಿ ಒಣಗಿತ್ತು, ನಿಲ್ಲಿಸಿದೆ. ಅಂಗಡಿಯವನು ಟೀ ಸೋಸುವುದನ್ನು ಬಿಟ್ಟು ನನ್ನನ್ನೇ ನೋಡಿದ.

"ಏನ್ ಸಾ, ಆ ಎಣ್ಮಗ ಉಳ್ಕತ್ತಾ?" ಎಂದು ಕೇಳಿದ.

ಯಾವ ಹೆಣ್ಣುಮಗಳು ಎಂದೆ. ಬೆಳಿಗ್ಗೆ ನೀವೇ ಹಿಂದೆ ಕಟ್ಟಿಕೊಂಡು ಹೋದಿರಲ್ಲ, ಅಡ್ಡ ನಿಂತಿದ್ದ ಲಾರಿಯವನಿಗೆ ಬೈದು ದಾರಿ ಬಿಡಿಸಿದ್ದೇ ನಾನು ಎಂದ. ನಾನಲ್ಲ, ಬೇರೆ ಯಾರೋ ಇರಬೇಕು ಎಂದೆ. ಅವನು ನನ್ನ ಜಾಕೆಟ್ಟು ನೋಡಿದ, ಹೆಲ್ಮೆಟ್ಟು ನೋಡಿದ, ಗಾಡಿ ನೋಡಿದ.

"ಆಗ್ಲಿ ಬುಡಿ ಸಾ. ಪುಣ್ಯದ ಕೆಲ್ಸ ಮಾಡಿ ನಾನಲ್ಲ ಅನ್ನೋರ್ನ ಇವತ್ತೇ ನೋಡಿದ್ದು," ಎಂದು ನಕ್ಕು, ಟೀಗೆ ದುಡ್ಡು ಬೇಡ ಎಂದ.

ನನಗೂ ನಗು ಬಂತು. ನೋಡಿದವರ ಸಾಕ್ಷಿ ಎಂದರೆ ಹೀಗೇ ಇರುತ್ತದೆ. ಬೆಳಿಗ್ಗೆ ನಾನು ಈ ದಾರಿಯಲ್ಲಿ ಕೆಂಪು ಗಾಡಿಯಲ್ಲಿ ಹೋಗಿದ್ದು ನಿಜ. ಅದೇ ಹೊತ್ತಿನಲ್ಲಿ ಬೇರೆ ಯಾವನೋ ರೋಗಿಯನ್ನು ಕೂರಿಸಿಕೊಂಡು ಹೋಗಿರಬೇಕು. ಇವನ ತಲೆಯಲ್ಲಿ ಎರಡೂ ಸೇರಿ ಒಂದಾಗಿದೆ. ಇದನ್ನು ಸೋಮವಾರ ಸ್ಟಾಫ್ ರೂಮಿನಲ್ಲಿ ಹೇಳಬೇಕು ಎಂದುಕೊಂಡೇ ಮುಂದೆ ಹೋದೆ. ತಿರುವುಗಳಲ್ಲಿ ಬೂದು ಗಾಡಿ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತಿತ್ತು.

ಲೊಕ್ಕನಹಳ್ಳಿಗೆ ಮೊದಲು ರಸ್ತೆ ಪಕ್ಕದಲ್ಲೇ ನಾಲ್ಕೈದು ಮನೆಗಳಿವೆ. ಅಲ್ಲಿ ಒಂದು ಹೆಂಗಸು ರಸ್ತೆಯ ನಡುವೆ ಕೈ ಅಡ್ಡ ಹಿಡಿದು ನಿಂತಿದ್ದಳು. ವಯಸ್ಸಾದವಳೇನಲ್ಲ, ಐವತ್ತರ ಆಸುಪಾಸು. ಕೂದಲು ಬಿಚ್ಚಿಹೋಗಿತ್ತು. ನಾನು ಬ್ರೇಕ್ ಹಾಕುವಷ್ಟರಲ್ಲಿ ಅವಳೇ ಹತ್ತಿರ ಬಂದು ಹ್ಯಾಂಡಲ್ ಹಿಡಿದುಕೊಂಡಳು.

"ಬಂದ್ರಾ ಸಾ. ಎಲ್ಲಿ ಬುಟ್ರಿ ನಮ್ ಮಾದೇವಿಯ?"

ಅವಳ ಹಿಂದೆ ಮನೆಗಳಿಂದ ಏಳೆಂಟು ಜನ ಬಂದರು. ಜಗಳಕ್ಕೆ ಬಂದ ಮುಖಗಳಲ್ಲ. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮಾತಿಗೆ ಮಾತು ಸೇರಿಸಿ ನನಗೆ ಅರ್ಥವಾದದ್ದು ಇಷ್ಟು. ಹೆಂಗಸಿನ ಹೆಸರು ಚಿಕ್ಕತಾಯಮ್ಮ. ಮಗಳು ಮಾದೇವಿ, ಇಪ್ಪತ್ತರ ಹುಡುಗಿ, ಬೆಳಿಗ್ಗೆ ಹೊಲದಲ್ಲಿ ಜೋಳದ ಕಡ್ಡಿ ಎತ್ತುವಾಗ ಕೈಗೆ ಹಾವು ಕಚ್ಚಿದೆ. ಈ ಕಡೆಯವರು ಅದನ್ನು ಹಾವು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಫೋನಿಗೆ ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕಿನವರೆಗೆ ಓಡಬೇಕು. ಅಷ್ಟರಲ್ಲಿ ನಾನು ಬಂದೆನಂತೆ. ಕೈ ಮಾಡಿದ ಕೂಡಲೇ ನಿಲ್ಲಿಸಿದೆನಂತೆ. ಹುಡುಗಿಯನ್ನು ಹಿಂದೆ ಹತ್ತಿಸಿ, ಟವಲಿನಿಂದ ನನ್ನ ಸೊಂಟಕ್ಕೆ ಸೇರಿಸಿ ಕಟ್ಟಿದರಂತೆ. ನಿದ್ದೆಗೆ ಜಾರಬಾರದು, ದಾರಿಯುದ್ದಕ್ಕೂ ಹೆಸರು ಹಿಡಿದು ಕರೆಯುತ್ತಾ ಇರಿ ಎಂದು ತಾಯಿ ನನಗೆ ಹೇಳಿದಳಂತೆ. ನಾನು ತಲೆಯಾಡಿಸಿ ಹೋದೆನಂತೆ.

ಬೆಳಿಗ್ಗೆಯಿಂದ ಆ ಹೊತ್ತಿನವರೆಗೆ ಹುಡುಗಿಯ ಸುದ್ದಿ ಇಲ್ಲ. ಚಿಕ್ಕತಾಯಮ್ಮನ ತಮ್ಮ ಹನೂರಿನ ಆಸ್ಪತ್ರೆಗೆ ಹೋಗಿ ನೋಡಿ, ಅಲ್ಲಿ ಇಲ್ಲವೆಂದು ಬಸ್ಸು ಹತ್ತಿ ನೇರ ಕೊಳ್ಳೇಗಾಲಕ್ಕೆ ಹೋಗಿದ್ದ. ಅಲ್ಲಿಯೂ ಇಲ್ಲವೆಂದು ಆಗತಾನೇ ಫೋನ್ ಬಂದಿತ್ತು.

ಕಳಿಸುವಾಗ ನನ್ನ ಹೆಸರಾದರೂ, ಯಾವ ಆಸ್ಪತ್ರೆ ಎಂದಾದರೂ ಯಾಕೆ ಕೇಳಲಿಲ್ಲ ಎಂದೆ. ನಾನೇ ಹೋದವನು ಎಂದು ಒಪ್ಪಿಕೊಂಡ ಹಾಗೆ ಬಾಯಿಂದ ಬಂದುಬಿಟ್ಟಿತು. ಅದಕ್ಕೆ ಉತ್ತರ ಕೊಟ್ಟಿದ್ದು ಪಕ್ಕದ ಮನೆಯ ಮುದುಕರು.

"ಉಳ ಮುಟ್ಟದೋರ್ನ ತಕಂಡೋಗೋರ ಎಸ್ರು ಕೇಳ್ಬಾರ್ದು ಸಾ. ಊರೂ ಕೇಳ್ಬಾರ್ದು. ಅವ್ರ ಇಂದಿಂದೇ ಯಾರೂ ಓಗ್ಬಾರ್ದು. ಅದು ನಮ್ ಕಡೆ ಮೊದ್ಲಿಂದ್ಲೂ ಅದೆ."

ಈ ಕಟ್ಟಲೆ ಯಾಕೆ ಹುಟ್ಟಿತು ಎಂದು ಆ ಗಳಿಗೆಯಲ್ಲೂ ನನ್ನ ತಲೆ ಯೋಚಿಸಿತು. ಹೆಸರು, ಊರು ಕೇಳುತ್ತಾ ನಿಂತರೆ ವಿಷ ಏರುತ್ತದೆ. ಹತ್ತು ಜನ ಬೆನ್ನು ಹತ್ತಿದರೆ ಗಾಡಿ ಓಡಿಸುವವನು ಗಾಬರಿಯಾಗುತ್ತಾನೆ. ಹಿಂದೆ ಯಾವಾಗಲೋ ಅದು ಬುದ್ಧಿವಂತಿಕೆಯೇ ಆಗಿತ್ತು. ಇವತ್ತು ಅದರಿಂದಲೇ ಒಬ್ಬ ತಾಯಿಗೆ ಮಗಳು ಎಲ್ಲಿದ್ದಾಳೆ ಎಂದು ತಿಳಿಯದಂತಾಗಿತ್ತು.

ನಾನು ಮತ್ತೆ ಹೇಳಿದೆ. ಅಮ್ಮ, ನಾನಲ್ಲ. ಬೆಳಿಗ್ಗೆ ಈ ದಾರಿಯಲ್ಲಿ ಬಂದಿದ್ದೆ, ಆದರೆ ಬೇರೆ ಗಾಡಿಯಲ್ಲಿ, ಕೆಂಪು ಗಾಡಿಯಲ್ಲಿ. ಯಾರೂ ಕೈ ಮಾಡಲಿಲ್ಲ, ನಾನು ಎಲ್ಲೂ ನಿಲ್ಲಿಸಲಿಲ್ಲ. ಅವಳು ಗಾಡಿಯನ್ನು ನೋಡಿ, ಇದೇ ಗಾಡಿ ಎಂದಳು. ಇವರಿಗೆ ಮುಂದೆ ಗಾಜಿರುವ ದೊಡ್ಡ ಬೈಕೆಲ್ಲ ಒಂದೇ ಎಂದುಕೊಂಡೆ. ಆಗ ಅವಳು ನನ್ನ ಹಿಂದೆ ಬಂದು ಬೆನ್ನು ಮುಟ್ಟಿದಳು.

"ಇಲ್ನೋಡಿ ಸಾ. ಇದು ನಾನ್ ಅರ್ದು ಅವ್ಳ ಕೈಗ್ ಬಳ್ದಿದ್ ಸೊಪ್ಪು."

ಜಾಕೆಟ್ಟು ಬಿಚ್ಚಿ ನೋಡಿದೆ. ಬಲಗಡೆ ಹೆಗಲಿನ ಕೆಳಗೆ ಒಣಗಿದ ಹಸಿರು ಮೆತ್ತಿಕೊಂಡಿತ್ತು. ಅಂಗೈಯಷ್ಟು ಅಗಲ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಎಲ್ಲೋ ಬೇಲಿಗೆ ಒರಗಿದ್ದೆನೇ, ಶಿವಣ್ಣನವರ ಕೊಟ್ಟಿಗೆಯ ಗೋಡೆಗೆ ಒರಗಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಒರಗಿರಬಹುದು. ಒರಗಿಲ್ಲ ಎಂದೂ ಹೇಳಲಾರೆ.

ಬೆಳಿಗ್ಗೆಯ ಸವಾರಿಯನ್ನು ಮೊದಲಿನಿಂದ ನೆನೆಸಿಕೊಂಡೆ. ತಿರುವುಗಳು ಇದ್ದವು, ಜಾರಿದ ಚಕ್ರ ಇತ್ತು, ಮುಂಗೈ ನೋವು ಇತ್ತು, ಲೊಕ್ಕನಹಳ್ಳಿ ಹತ್ತಿರ ಗಾಡಿ ತಿರುಗಿಸಿದ್ದೂ ಇತ್ತು. ಅದಾದ ಮೇಲೆ ಮಹೇಶ ಕೊಟ್ಟ ನೀರಿನ ಲೋಟ. ನಡುವೆ ವಾಪಸ್ ಬಂದ ದಾರಿ ಇಲ್ಲ. ಹನೂರು ಇಲ್ಲ, ಕಾಮಗೆರೆ ಇಲ್ಲ. ದಿನಾ ಓಡಾಡುವ ದಾರಿಯಲ್ಲಿ ಹಾಗಾಗುವುದುಂಟು, ಮನೆ ಮುಟ್ಟಿದ ಮೇಲೆ ಹೇಗೆ ಬಂದೆ ಎಂದೇ ನೆನಪಿರುವುದಿಲ್ಲ. ಆದರೆ ನಾನು ಹೋಗಿದ್ದೇ ಗಾಡಿಯನ್ನು ಗಮನವಿಟ್ಟು ಪರೀಕ್ಷೆ ಮಾಡಲು.

ಚಿಕ್ಕತಾಯಮ್ಮ ಅಳಲಿಲ್ಲ. "ನೀವು ಬುಟ್ ಜಾಗ ನಿಮ್ಗೇ ಗೊತ್ತಿರ್ತದೆ ಸಾ. ಕರ್ಕಂಡೋಗಿ. ಎಂಗಿದ್ರೂ ಸರಿ, ನಾನ್ ನೋಡ್ಬೇಕು," ಎಂದಳು.

ಹೇಗಿದ್ದರೂ ಸರಿ ಎಂಬ ಮಾತು ಕೇಳಿದ ಮೇಲೆ ನಾನು ವಾದ ಮಾಡಲಿಲ್ಲ. ನಾನಲ್ಲ ಎಂಬುದೇ ನಿಜವಾದರೂ ಹುಡುಗಿಯನ್ನು ಹುಡುಕುವುದಕ್ಕೆ ಅದು ಅಡ್ಡಿಯಲ್ಲವಲ್ಲ. ಹತ್ತಿ ಎಂದೆ. ಆ ಗಾಡಿಯ ಹಿಂದಿನ ಸೀಟು ಎತ್ತರ, ಹಿಡಿದುಕೊಳ್ಳಲು ಸರಿಯಾದ ಹಿಡಿಯೂ ಇಲ್ಲ. ಇಬ್ಬರು ಸೇರಿ ಅವಳನ್ನು ಎತ್ತಿ ಕೂರಿಸಿದರು. ಬೆಳಿಗ್ಗೆಯೂ ಹೀಗೇ ಕಷ್ಟವಾಯಿತು ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ನನ್ನ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಆ ಹಿಡಿತ ಹೊಸದು ಅನ್ನಿಸಲಿಲ್ಲ. ಇದು ನಾನು ಆಮೇಲೆ ಸೇರಿಸಿಕೊಂಡ ಭಾವನೆ ಇರಬಹುದು.

ದಾರಿಯಲ್ಲಿ ಅವಳು ಹಿಂದಿನಿಂದ ಒಂದೇ ಸಮನೆ ಮಾತಾಡುತ್ತಿದ್ದಳು. ಮಾದೇವಿಗೆ ಟೈಲರಿಂಗ್ ಬರುತ್ತದೆ, ಮುಂದಿನ ತಿಂಗಳು ಹನೂರಿನಲ್ಲಿ ಒಂದು ಅಂಗಡಿಗೆ ಸೇರುವುದಿತ್ತು, ಬೆಳಿಗ್ಗೆ ಹೊಲಕ್ಕೆ ಬರಲ್ಲ ಅಂದಿದ್ದಳು, ತಾನೇ ಬೈದು ಕರೆದುಕೊಂಡು ಹೋದೆ ಎಂದಳು. ಟೀ ಅಂಗಡಿಯವನು ನಮ್ಮನ್ನು ನೋಡಿ ಎದ್ದು ನಿಂತ.

ಕಾಮಗೆರೆಯ ಆಸ್ಪತ್ರೆಯನ್ನು ನಾನು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೇನೆ, ಒಳಗೆ ಯಾವತ್ತೂ ಹೋಗಿರಲಿಲ್ಲ. ಅಲ್ಲಿ ಒಮ್ಮೆ ವಿಚಾರಿಸಿ, ಇಲ್ಲದಿದ್ದರೆ ಕೊಳ್ಳೇಗಾಲಕ್ಕೆ ಹೋಗೋಣ ಎಂದುಕೊಂಡಿದ್ದೆ. ಊರು ಬಂದಾಗ ಯಾರನ್ನೂ ಕೇಳದೆ ಗಾಡಿ ತಿರುಗಿಸಿದೆ, ಗೇಟಿನೊಳಗೆ ಹೋದೆ, ಎದುರಿಗೆ ಕಾಣುತ್ತಿದ್ದ ದೊಡ್ಡ ಬಾಗಿಲನ್ನು ಬಿಟ್ಟು ಪಕ್ಕದ ಕಟ್ಟಡವನ್ನು ಸುತ್ತಿ ಹಿಂದಿನ ಮೆಟ್ಟಿಲ ಹತ್ತಿರ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದ ಮೇಲೆ ನನಗೆ ಹೊಳೆಯಿತು, ಈ ಬಾಗಿಲು ಇಲ್ಲಿದೆ ಎಂದು ನನಗೆ ಹೇಗೆ ಗೊತ್ತಾಯಿತು. ತುರ್ತು ಚಿಕಿತ್ಸೆ ಎಂಬ ಬೋರ್ಡು ಅಲ್ಲೇ ಇತ್ತು. ರಸ್ತೆಯಿಂದಲೇ ಬಾಣದ ಗುರುತು ಕಂಡಿದ್ದು, ನನಗೆ ಅರಿವಿಲ್ಲದೆ ಓದಿಕೊಂಡಿರಬಹುದು. ಆಮೇಲೆ ಹೋಗಿ ನೋಡಿದಾಗ ಗೇಟಿನ ಬಳಿ ಅಂಥ ಗುರುತು ಒಂದು ಇದ್ದದ್ದೂ ನಿಜ.

ಒಳಗಿಂದ ಬಂದ ನರ್ಸ್ ನನ್ನನ್ನು ನೋಡಿ ನಿಂತಳು. "ಅಂತೂ ಬಂದ್ರಲ್ಲ ಸರ್. ಹೆಸರು ಕೇಳ್ತಿದ್ದ ಹಾಗೇ ಹೊರಟುಹೋದ್ರಿ. ಆ ಹುಡುಗಿಗೆ ಮಾತಾಡೋಕೆ ಆಗ್ತಿಲ್ಲ. ಯಾರಿಗೆ ಹೇಳೋದು ಅಂತಾನೇ ನಮಗೆ ಗೊತ್ತಿರಲಿಲ್ಲ."

ಚಿಕ್ಕತಾಯಮ್ಮ ಅವಳನ್ನು ದಾಟಿ ಒಳಗೆ ಓಡಿದಳು.

ಬಂದವನು ನಾನೇ ಎಂದು ನಿಮಗೆ ಖಾತ್ರಿಯೇ ಎಂದು ನರ್ಸನ್ನು ಕೇಳಿದೆ. ಎಂಥ ಪ್ರಶ್ನೆ ಎಂಬಂತೆ ನೋಡಿದಳು. ಹೆಲ್ಮೆಟ್ಟು ತೆಗೆದು, ಇದೇ ಮೆಟ್ಟಿಲ ಮೇಲೆ ನಿಂತು, ಕನ್ನಡಕ ಒರೆಸಿಕೊಂಡಿರಿ ಎಂದಳು. ನೀರು ಬೇಕಾ ಅಂದೆ, ಬೇಡ ಅಂದಿರಿ ಎಂದಳು. ಗಾಬರಿಯಾದಾಗ ಕನ್ನಡಕ ಒರೆಸುವುದು ನನ್ನ ಅಭ್ಯಾಸ. ಅವಳು ಹೇಳುತ್ತಿದ್ದಾಗಲೂ ನಾನು ಅದನ್ನೇ ಮಾಡುತ್ತಿದ್ದೆ. ಅದನ್ನು ನೋಡಿ ಅವಳು ಹೇಳಿದಳೋ, ಬೆಳಿಗ್ಗೆ ನೋಡಿದ್ದನ್ನು ಹೇಳಿದಳೋ, ನನಗೆ ಬಿಡಿಸಲಾಗಲಿಲ್ಲ.

ಮಾದೇವಿ ಒಳಗೆ ಮಂಚದ ಮೇಲಿದ್ದಳು. ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ಕೈಗೆ ಡ್ರಿಪ್ ಹಾಕಿದ್ದರು. ಎಚ್ಚರ ಇತ್ತು. ತಾಯಿ ಅವಳ ಪಾದಗಳನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದಳು. ಇನ್ನು ಸ್ವಲ್ಪ ತಡವಾಗಿದ್ದರೂ ಉಸಿರಾಟಕ್ಕೆ ತೊಂದರೆಯಾಗುತ್ತಿತ್ತು, ಈಗ ಭಯವಿಲ್ಲ ಎಂದು ಡಾಕ್ಟರು ಹೇಳಿದರು. ಹೇಳುವಾಗ ನನ್ನ ಕೈ ಕುಲುಕಿದರು. ಆ ಕೈಯನ್ನು ಎಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ.

ಸಂಜೆ ಬೂದು ಗಾಡಿಯನ್ನು ಮಾಂಬಳ್ಳಿಗೆ ತಂದು ಒಪ್ಪಿಸಿದೆ. ಬೆಳಿಗ್ಗೆ ಯಾರಾದರೂ ಇದನ್ನು ಓಡಿಸಿದ್ದರೇ ಎಂದು ಶಿವಣ್ಣನವರನ್ನು ಕೇಳಿದೆ. ಕೀ ನನ್ನ ಜೇಬಲ್ಲೇ ಇತ್ತಲ್ಲ ಮೇಷ್ಟ್ರೇ, ಯಾಕೆ, ಏನಾದರೂ ಸದ್ದು ಬರುತ್ತಿದೆಯಾ ಎಂದರು. ಇಲ್ಲ, ಗಾಡಿ ಚೆನ್ನಾಗಿದೆ ಎಂದೆ.

ಸುಧಾಗೆ ಎಲ್ಲವನ್ನೂ ಹೇಳಿದೆ. ಅವಳು, ನೀವು ಬೆಳಿಗ್ಗೆ ತಿಂಡಿ ತಿಂದು ಹೋಗಿರಲಿಲ್ಲ ಎಂದಳು. ಅವಳ ಒತ್ತಾಯಕ್ಕೆ ಮೈಸೂರಿನಲ್ಲಿ ನರರೋಗದ ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನ್ ಮಾಡಿಸಿದರು, ಏನೂ ಸಿಗಲಿಲ್ಲ. ದೊಡ್ಡ ಒತ್ತಡ ಬಿದ್ದಾಗ ಕೆಲವರಿಗೆ ಅಷ್ಟು ಹೊತ್ತಿನ ನೆನಪು ಅಚ್ಚಾಗದೇ ಹೋಗುತ್ತದೆ, ಆ ಹೊತ್ತಿನಲ್ಲಿ ಮನುಷ್ಯ ಎಲ್ಲ ಕೆಲಸವನ್ನೂ ಸರಿಯಾಗಿಯೇ ಮಾಡುತ್ತಾನೆ, ಖಾಲಿ ಜಾಗವನ್ನು ಮಿದುಳು ಆಮೇಲೆ ತನಗೆ ತೋಚಿದ್ದರಿಂದ ತುಂಬಿಕೊಳ್ಳುತ್ತದೆ ಎಂದರು. ಹಾವು ಕಚ್ಚಿದ ಹುಡುಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವುದಕ್ಕಿಂತ ದೊಡ್ಡ ಒತ್ತಡ ಇನ್ನೇನಿದೆ. ನನಗೆ ಸಮಾಧಾನವಾಯಿತು. ವಿವರಣೆ ಸಿಕ್ಕಿತಲ್ಲ.

ಮಾದೇವಿ ಹುಷಾರಾದ ಮೇಲೆ ತಾಯಿ, ಮಗಳು, ಮಾವ ಮೂವರೂ ನಮ್ಮ ಮನೆಗೆ ಬಂದರು. ಒಂದು ಚೀಲ ಹುರುಳಿ, ಒಂದು ಕುಂಬಳಕಾಯಿ ತಂದಿದ್ದರು. ಈಗ ಹೆಸರು ಕೇಳಬಹುದು ಎಂದು ಚಿಕ್ಕತಾಯಮ್ಮ ನನ್ನ ಹೆಸರು ಕೇಳಿ, ಎರಡು ಸಲ ಹೇಳಿ ನೋಡಿಕೊಂಡಳು. ನಿನಗೆ ಏನು ನೆನಪಿದೆಯಮ್ಮ ಎಂದು ಮಾದೇವಿಯನ್ನು ಕೇಳಿದೆ. ಅವಳು ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೇಳಿದಳು.

"ನಿಮ್ ಬೆನ್ ಬುಟ್ರೆ ಇನ್ನೇನೂ ಕಾಣ್ನಿಲ್ಲ ಅಣ್ಣ. ನೀವ್ ಒಂದ್ ಸಲಾನೂ ತಿರುಗ್ನಿಲ್ಲ. ಎಸ್ರು ಕರೀತಾನೇ ಇದ್ರಿ. ಓ ಅನ್ನಕ್ಕೆ ನಂಗೆ ನಾಲ್ಗೆ ಬತ್ತಿರ್ಲಿಲ್ಲ. ಆದ್ರೂ ಓ ಅಂತಿದ್ದೆ, ಒಳಗೇ."

ಸುಧಾ ಅವಳಿಗೆ ಕುಂಕುಮ ಕೊಟ್ಟು ಒಂದು ರವಿಕೆ ಬಟ್ಟೆ ಕೊಟ್ಟಳು. ಅವರು ಹೋದ ಮೇಲೆ ನಾನು ಮಹಡಿ ಮೇಲೆ ಹೋಗಿ ಕೂತೆ. ಬದುಕಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದೇ ದೊಡ್ಡದು. ಅದನ್ನು ಮಾಡುವಾಗ ನಾನೇ ಅಲ್ಲಿರಲಿಲ್ಲ ಎಂಬ ಹಾಗಾಗಿತ್ತು. ಬೇರೆಯವರಿಗೆ ಬಂದ ಬಹುಮಾನವನ್ನು ಮನೆಯಲ್ಲಿಟ್ಟುಕೊಂಡ ಮುಜುಗರ. ಆದರೂ ಹುಡುಗಿ ಬದುಕಿದ್ದಾಳೆ, ಡಾಕ್ಟರು ಹೇಳಿದ ಕಾರಣವೂ ಸರಿಯಾಗಿದೆ, ಇಷ್ಟು ಸಾಕು ಎಂದು ಮನಸ್ಸಿಗೆ ಹೇಳಿಕೊಂಡೆ. ಕೊನೆಗೆ ಬೂದು ಗಾಡಿಯನ್ನೇ ಕೊಂಡೆ.

ಅದಾಗಿ ಕೆಲವು ವಾರಕ್ಕೆ ಪೆಟ್ರೋಲ್ ಬಂಕಿನಲ್ಲಿ ಮಹೇಶ ಸಿಕ್ಕಿದ. ನನ್ನ ಗಾಡಿ ನೋಡಿ ಮುಖ ಸಣ್ಣ ಮಾಡಿಕೊಂಡು, ನಮ್ಮ ಗಾಡೀಲಿ ಏನ್ ಸರ್ ಕಮ್ಮಿ ಆಗಿತ್ತು ಎಂದು ಕೇಳಿದ. ನೇರ ರಸ್ತೆಗೆ ನಿಮ್ಮದೇ ಚೆನ್ನ, ಆದರೆ ಲೊಕ್ಕನಹಳ್ಳಿ ಕಡೆಯ ತಿರುವುಗಳಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ ಎಂದು, ಯಾವ ತಿರುವು, ಹೇಗೆ ಜಾರಿತು ಎಂದೆಲ್ಲ ವಿವರಿಸಿದೆ. ಅವನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕ.

"ಆವತ್ತು ನೀವು ಹನೂರಿಗೇ ಹೋಗಿಲ್ವಲ್ಲ ಸರ್."

ಟೆಸ್ಟ್ ರೈಡಿನ ಗಾಡಿಗಳಿಗೆ ಅವರು ಜಿಪಿಎಸ್ ಹಾಕಿರುತ್ತಾರಂತೆ, ಗಾಡಿ ಎಲ್ಲಿದೆ ಎಂದು ಫೋನಿನಲ್ಲಿ ಕಾಣುತ್ತದಂತೆ. ಮ್ಯಾನೇಜರಿಗೆ ಹೇಳದೆ ಕೊಟ್ಟಿದ್ದರಿಂದ ಅವನಿಗೆ ಹೆದರಿಕೆ, ಬೆಳಿಗ್ಗೆಯೆಲ್ಲ ಅದನ್ನೇ ನೋಡುತ್ತಿದ್ದನಂತೆ. ಒಂದೇ ಕಡೆ ನಿಂತುಬಿಟ್ಟಿದೆಯಲ್ಲ, ಫೋನ್ ಮಾಡಲೇ ಎಂದುಕೊಂಡು, ಸರ್ ಎಲ್ಲೋ ನೆರಳಲ್ಲಿ ಕೂತಿರಬೇಕು ಎಂದು ಸುಮ್ಮನಾದನಂತೆ.

ಮಾರನೇ ದಿನ ಶೋರೂಮಿಗೆ ಹೋದೆ. ಹಳೆಯ ಓಡಾಟದ ವಿವರ ಇನ್ನೂ ಉಳಿದಿತ್ತು. ಮಹೇಶ ತೆಗೆದು ತೋರಿಸಿದ. ತಾರೀಕು ಅದೇ ಎಂದು ನಾನೇ ನೋಡಿಕೊಂಡೆ, ಗಾಡಿಯ ನಂಬರೂ ನೋಡಿಕೊಂಡೆ. ಆ ಶನಿವಾರ ಬೆಳಿಗ್ಗೆ ಕೆಂಪು ಗಾಡಿ ಕೊಳ್ಳೇಗಾಲದಿಂದ ಹೊರಟು, ಕಾಮಗೆರೆ ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಪಕ್ಕ ನಿಂತಿದೆ. ಬೆಳಿಗ್ಗೆಯೆಲ್ಲ ಅಲ್ಲೇ ನಿಂತು, ಅಲ್ಲಿಂದಲೇ ವಾಪಸ್ ಬಂದಿದೆ. ಅದು ಹನೂರು ಮುಟ್ಟಿಯೇ ಇಲ್ಲ.